ಬೆಲ್ಟಿನ ಹೊಸ ತೂತು: ಫೋನಿನಲ್ಲೇ ‘ಪೈಲ್ಸ್’ ಅಂದುಬಿಟ್ಟ ಒಂದು ಪ್ರಕರಣ

ಈ ಪ್ರಕರಣ ಬರೆಯಲು ರೋಗಿ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಕಾಯಿಲೆಯ ವಿಚಾರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ತಪ್ಪೂ ಹಾಗೇ ಇದೆ. ಆ ತಪ್ಪು ನನ್ನದು.

ನಾನು ಕೊಪ್ಪಳ ಜಿಲ್ಲೆಯಲ್ಲಿ ಸರ್ಜನ್. ವಾರಕ್ಕೆ ಎರಡು ಮಧ್ಯಾಹ್ನ ಫೋನಿನಲ್ಲಿ, ವಿಡಿಯೊದಲ್ಲಿ ರೋಗಿಗಳ ಜೊತೆ ಮಾತಾಡುತ್ತೇನೆ. ಅವರಲ್ಲಿ ಗುದದ್ವಾರದ ತೊಂದರೆಯವರೇ ಜಾಸ್ತಿ. ಮೊಣಕಾಲು ನೋವಾದರೆ ಜನ ಬಸ್ ಹತ್ತಿ ಬರುತ್ತಾರೆ. ಕೆಳಗೆ ರಕ್ತ ಹೋದರೆ ಬರುವುದಿಲ್ಲ, ಫೋನ್ ಮಾಡುತ್ತಾರೆ. ಮುಖ ತೋರಿಸದೆ ಹೇಳಬಹುದಲ್ವಾ? ಫೋನ್ ಇಲ್ಲದ ಕಾಲದಲ್ಲಿ ಇದೇ ಜನ ಬಸ್ ಸ್ಟ್ಯಾಂಡ್ ಹತ್ತಿರ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಅಂತ ಬೋರ್ಡ್ ಹಾಕಿದವರ ಇಂಜೆಕ್ಷನ್ ತಗೊಂಡು, ಗುದದ್ವಾರ ಸುಟ್ಟು ಕಿರಿದಾದ ಮೇಲೆ ನಮ್ಮ ಹತ್ತಿರ ಬರುತ್ತಿದ್ದರು. ಹಾಗಾಗಿ ಫೋನಿನ ಬಗ್ಗೆ ನನಗೆ ಗೌರವ ಇದೆ.

ಕಾರಟಗಿ ಕಡೆಯ ಒಬ್ಬ ಹಮಾಲಿ. ವಯಸ್ಸು 43. ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ. ಮೇ ಕೊನೆಯ ವಾರ ಮೊದಲ ಫೋನ್ ಬಂತು. ಎರಡನೇ ಬೆಳೆಯ ಭತ್ತ ಮಿಲ್ಲಿಗೆ ಬಂದು ಬೀಳುವ ಸಮಯ. ಹಿಂದೆ ಮಷಿನ್ ಸದ್ದು ಕೇಳುತ್ತಿತ್ತು.

“ಸರ, ಸಂಡಾಸಕ್ಕ ಹೋದ್ರ ರಕ್ತ ಹೊಂಟೈತ್ರಿ.”

ಕೆಂಪಗಿದೆಯಾ, ಕಪ್ಪಾ? ಕೆಂಪಗೆ. ನೋವು? ಇಲ್ಲ. ಮಲ ಗಟ್ಟಿಯಾ? ಒಮ್ಮೊಮ್ಮೆ. ತೂಕ ಇಳಿದಿದೆಯಾ? ಇಲ್ಲ. ನೋವಿಲ್ಲದೆ, ಮಲ ಹೋದ ಮೇಲೆ, ಕೆಂಪು ರಕ್ತ. ಜೊತೆಗೆ ಭಾರ ಹೊರುವ ಕೆಲಸ. ಪುಸ್ತಕದಲ್ಲಿ ಪೈಲ್ಸ್ ಅಂತ ಬರೆದಿರುವುದು ಇದನ್ನೇ. ಇಸಬ್ಗೋಲ್ ತಗೊಳ್ಳಿ, ನೀರು ಜಾಸ್ತಿ ಕುಡಿಯಿರಿ, ಬಿಸಿನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂತ್ಕೊಳ್ಳಿ, ಎರಡು ವಾರದಲ್ಲಿ ನಿಲ್ಲದಿದ್ದರೆ ಬನ್ನಿ ಅಂದೆ. ಮಾತು ಮುಗಿಯಲು ಆರು ನಿಮಿಷ ಆಯಿತು.

ಮೂರು ವಾರದ ಮೇಲೆ ಮತ್ತೆ ಫೋನ್ ಮಾಡಿದರು. ಕಡಿಮೆ ಆಗಿದೆ ಅಂದರು. ನಾನು ಖುಷಿಪಟ್ಟೆ. ಈಗ ಯೋಚಿಸಿದರೆ ಕಡಿಮೆ ಆಗುವುದು ಸಹಜವೇ ಆಗಿತ್ತು. ಕರುಳಿನ ಗಡ್ಡೆಯಿಂದ ಬರುವ ರಕ್ತವೂ ದಿನಾ ಒಂದೇ ಥರ ಇರುವುದಿಲ್ಲ. ಒಂದು ವಾರ ಬರುತ್ತದೆ, ಒಂದು ವಾರ ಇಲ್ಲ. ಮಲ ಮೆತ್ತಗಾದರೆ ಗಡ್ಡೆಗೆ ಉಜ್ಜುವುದೂ ಕಡಿಮೆ. ಔಷಧಿಗೆ ಗುಣ ಆಯಿತು ಅನ್ನುವುದು ಪೈಲ್ಸ್ ಅನ್ನುವುದಕ್ಕೆ ಸಾಕ್ಷಿ ಅಲ್ಲವೇ ಅಲ್ಲ.

ಮೂರನೇ ಫೋನ್ ಆಗಸ್ಟ್‌ನಲ್ಲಿ ಬಂತು. ಆ ದಿನದ ನನ್ನ ಟಿಪ್ಪಣಿ ಎಷ್ಟೋ ಸಲ ತೆರೆದು ಓದಿದ್ದೇನೆ. ಅವರು ಹೇಳಿದ ಮಾತು ಅದರಲ್ಲಿ ಹಾಗೇ ಇದೆ: “ಹೋಗಬೇಕು ಅನಸ್ತೈತ್ರಿ, ಕುಂತ್ರ ಬರೂದಿಲ್ಲ. ದಿನಕ್ಕ ನಾಕೈದು ಸಲ ಹಂಗ ಆಕ್ಕೈತಿ.” ಅದರ ಮುಂದೆ ನಾನು ಬರೆದದ್ದು ಒಂದೇ ಪದ: ಮಲಬದ್ಧತೆ.

ಅದು ಮಲಬದ್ಧತೆ ಅಲ್ಲ. ಗುದನಾಳದೊಳಗೆ ಏನೋ ಕೂತಿದ್ದರೆ ಅದನ್ನೇ ಮಲ ಅಂದುಕೊಂಡು ದೇಹ ಹೊರಗೆ ತಳ್ಳಲು ನೋಡುತ್ತದೆ. ಕೂತರೆ ಬರುವುದು ಒಂದಿಷ್ಟು ಸಿಂಬಳದಂಥ ಲೋಳೆ, ಒಂದಿಷ್ಟು ರಕ್ತ. ಆತ ತನ್ನ ಭಾಷೆಯಲ್ಲಿ ಅದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ನನ್ನ ತಲೆಯಲ್ಲಿ ಪೈಲ್ಸ್ ಅನ್ನುವ ಹೆಸರು ಮೊದಲೇ ಕೂತಿತ್ತು. ಬಂದ ಮಾತನ್ನೆಲ್ಲ ಅದರೊಳಗೆ ತುಂಬಿಸಿದೆ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಮೂರು ಸಲವೂ ಅವರು ಮಾತಾಡಿದ್ದು ಮಿಲ್ಲಿನಿಂದಲೇ. ಸುತ್ತ ಜೊತೆಗಾರರು. ಲೋಳೆ ಬರುತ್ತಾ, ಬಟ್ಟೆಗೆ ಹತ್ತುತ್ತಾ ಅಂತ ಕೇಳಿದ್ದಕ್ಕೆಲ್ಲ ‘ಇಲ್ರಿ’ ಅಂದಿದ್ದು ಅದಕ್ಕೇ. ನಾಲ್ಕು ಜನರ ನಡುವೆ ನಿಂತು ಯಾರು ‘ಹೌದು’ ಅಂತಾರೆ? ಟೆಲಿಮೆಡಿಸಿನ್ ಅಂದಾಗ ನಾವು ಗುಟ್ಟು ಕಾಪಾಡುವ ಬಗ್ಗೆ ತುಂಬಾ ಮಾತಾಡುತ್ತೇವೆ. ನಮ್ಮ ಕಡೆಯ ಬಾಗಿಲು ಮುಚ್ಚಿದೆಯಾ ಅಂತ ನೋಡುತ್ತೇವೆ. ಅವರ ಕಡೆ ಬಾಗಿಲು ಇದೆಯಾ ಅಂತ ಕೇಳುವುದೇ ಇಲ್ಲ. ಈಗ ನನ್ನ ಮೊದಲ ಪ್ರಶ್ನೆಯೇ ಅದು: “ಪಕ್ಕದಾಗ ಯಾರರ ಅದಾರೇನ್ರಿ? ಸ್ವಲ್ಪ ದೂರ ಹೋಗಿ ಮಾತಾಡ್ರಿ, ನಾ ಕಾಯ್ತೀನಿ.”

ಗಣೇಶನ ಹಬ್ಬ ಮುಗಿದ ವಾರ ಅವರ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಿಂದ ವಿಡಿಯೊ ಕಾಲ್ ಬಂತು. ಇ-ಸಂಜೀವಿನಿ ಅನ್ನುವ ವ್ಯವಸ್ಥೆ ಗೊತ್ತಿರಬಹುದು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರ ರೂಪಿಸಿದ್ದು. ಹಳ್ಳಿಯ ಆರೋಗ್ಯ ಕೇಂದ್ರಗಳನ್ನು ದೂರದ ವೈದ್ಯರ ಜೊತೆ ಜೋಡಿಸಲು 2019ರ ನವೆಂಬರ್‌ನಲ್ಲಿ ಶುರುವಾಯಿತು. ಮನೆಯಿಂದಲೇ ವೈದ್ಯರ ಜೊತೆ ಮಾತಾಡುವ ಭಾಗ ಲಾಕ್‌ಡೌನ್ ಹೊತ್ತಿಗೆ, 2020ರ ಏಪ್ರಿಲ್‌ನಲ್ಲಿ ಬಂತು. ಈ ಎರಡರ ನಡುವಿನ ವ್ಯತ್ಯಾಸ ನನಗೆ ನಿಜವಾಗಿ ಅರ್ಥವಾದದ್ದು ಆ ದಿನ. ಮನೆಯಿಂದ ಬರುವ ಕಾಲ್‌ನಲ್ಲಿ ಒಂದು ಧ್ವನಿ ಮಾತ್ರ ಇರುತ್ತದೆ. ಕೇಂದ್ರದಿಂದ ಬರುವ ಕಾಲ್‌ನಲ್ಲಿ ರೋಗಿಯ ಪಕ್ಕ ಇನ್ನೊಂದು ಜೊತೆ ಕಣ್ಣು, ಎರಡು ಕೈ ಇರುತ್ತವೆ.

ಆ ಕಣ್ಣು ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿಯದು. ನರ್ಸಿಂಗ್ ಓದಿದ ಹುಡುಗಿ. ಆತ ಅಲ್ಲಿಗೆ ಹೋಗಿದ್ದು ಸುಸ್ತು ಅಂತ, ಟಾನಿಕ್ ಕೇಳಲು. ಆಕೆ ಕಣ್ಣಿನ ರೆಪ್ಪೆ ಎಳೆದು ನೋಡಿದ್ದಾಳೆ, ಬಿಳಿಚಿಕೊಂಡಿದೆ. ಹಿಮೋಗ್ಲೋಬಿನ್ 8.2. ತೂಕ ನೋಡಿದ್ದಾಳೆ, 54 ಕೆಜಿ. ವರ್ಷದ ಹಿಂದೆ ಬಿಪಿ ಶಿಬಿರದಲ್ಲಿ ಬರೆದಿಟ್ಟ ತೂಕ 61. ಆಮೇಲೆ ಫೋನನ್ನು ಕೆಳಗೆ ತಿರುಗಿಸಿ, “ಸರ್, ಇದು ನೋಡ್ರಿ” ಅಂದಳು.

ಬೆಲ್ಟು. ಕಂಪನಿಯವರು ಹಾಕಿದ ತೂತುಗಳು ಐದು, ದುಂಡಗೆ, ಅಂಚಿಗೆ ಹೊಲಿಗೆ. ಅವು ಮುಗಿದ ಮೇಲೆ ಮೂರು ಬೆರಳು ಒಳಗೆ ಇನ್ನೊಂದು ತೂತು. ಮೊಳೆ ಕಾಯಿಸಿ ಚುಚ್ಚಿದ್ದು. ಸುತ್ತ ರೆಗ್ಜಿನ್ ಕರಗಿ ಕಪ್ಪಾಗಿತ್ತು. ಕೊಂಡಿ ಆ ತೂತಿನಲ್ಲಿತ್ತು.

ತೂಕ ಇಳಿದಿದೆಯಾ ಅಂತ ನಾನು ಮೂರು ಸಲ ಕೇಳಿದ್ದೆ. ಮೂರು ಸಲ ‘ಇಲ್ಲ’ ಅಂದಿದ್ದರು. ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ತೂಕದ ಮಷಿನ್ ಇಲ್ಲ. ಬೇಸಿಗೆಯಲ್ಲಿ ಹಮಾಲರೆಲ್ಲ ಸೊರಗುತ್ತಾರೆ ಅಂತ ಅಂದುಕೊಂಡಿದ್ದರು. ನಾನು ಕೇಳಬೇಕಿದ್ದ ಪ್ರಶ್ನೆಯೇ ಬೇರೆ: ಪ್ಯಾಂಟ್ ಸಡಿಲ ಆಗಿದೆಯಾ, ಬೆಲ್ಟ್ ಎಷ್ಟನೇ ತೂತಿಗೆ ಬಂದಿದೆ?

ಮರುದಿನ ಬೆಳಿಗ್ಗೆ ಗಂಗಾವತಿಯಲ್ಲಿ ಬಸ್ ಬದಲಿಸಿ ಬಂದರು. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಮಡಚಿಸಿ, ಗ್ಲೌಸ್ ಹಾಕಿ, ಜೆಲ್ಲಿ ಹಚ್ಚಿ ಬೆರಳಿನಿಂದ ನೋಡಿದೆ. ಗುದದ್ವಾರದಿಂದ ಸುಮಾರು 6 ಸೆಂಟಿಮೀಟರ್ ಮೇಲೆ, ಹಿಂದಿನ ಗೋಡೆಯಲ್ಲಿ ಗಟ್ಟಿ, ಒರಟು, ನಡುವೆ ತಗ್ಗಾದ ಗಡ್ಡೆ. ಬೆರಳು ಹೊರಗೆ ತೆಗೆದಾಗ ರಕ್ತ ಮೆತ್ತಿತ್ತು. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಬೆರಳು ಏಳೆಂಟು ಸೆಂಟಿಮೀಟರ್‌ವರೆಗೆ ಮುಟ್ಟುತ್ತದೆ. ಈ ಗಡ್ಡೆ ಮೇ ತಿಂಗಳಲ್ಲೂ ಬೆರಳಿಗೆ ಸಿಗುವ ಜಾಗದಲ್ಲೇ ಇತ್ತು.

ಪ್ರಾಕ್ಟೋಸ್ಕೋಪ್ ಅನ್ನುವ ಸಣ್ಣ ಕೊಳವೆ ಹಾಕಿ ನೋಡಿದಾಗ ಪೈಲ್ಸ್ ಕೂಡ ಕಂಡಿತು. ಎರಡು ಸಣ್ಣ ಮೊಳೆ, ರಕ್ತ ತುಂಬಿಕೊಂಡಿದ್ದವು. ಅಂದರೆ ಫೋನಿನಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಮೋಸ ಆಗುವುದೇ ಇಲ್ಲಿ. ಪೈಲ್ಸ್ ಎಷ್ಟು ಸಾಮಾನ್ಯ ಅಂದರೆ, ಕ್ಯಾನ್ಸರ್ ಇರುವವರಲ್ಲೂ ಅದು ಇರಬಹುದು. ಪೈಲ್ಸ್ ಕಂಡಿತು ಅಂದರೆ ರಕ್ತಕ್ಕೆ ಕಾರಣ ಸಿಕ್ಕಿತು ಅಂತ ಅಲ್ಲ. ವಾಟ್ಸಾಪ್‌ನಲ್ಲಿ ಫೋಟೊ ತರಿಸಿಕೊಂಡಿದ್ದರೂ ಕಾಣುತ್ತಿದ್ದದ್ದು ಹೊರಗಿನ ಚರ್ಮ ಮಾತ್ರ.

ಫೋಟೊದ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಗುದದ್ವಾರದ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟಿದ ನೀಲಿ ಗಂಟು, ಕೀವಿನ ಬಾವು, ಪಕ್ಕದಲ್ಲಿ ಕೀವು ಸೋರುವ ಫಿಸ್ಟುಲಾದ ಹೊರಬಾಯಿ, ಇವು ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಆ ಫೋಟೊ ತೆಗೆಯುವವರು ಯಾರು? ಹೆಂಡತಿ, ಮಗ, ಕೆಲವು ಸಲ ಮೆಡಿಕಲ್ ಶಾಪಿನ ಹುಡುಗ. ಅದು ಯಾರ ಫೋನಿನ ಗ್ಯಾಲರಿಯಲ್ಲಿ ಉಳಿಯುತ್ತದೆ? ಮನೆಯಲ್ಲಿ ಒಂದೇ ಫೋನ್, ಮಕ್ಕಳು ಅದರಲ್ಲೇ ಆಟ ಆಡುತ್ತಾರೆ. ಹೆಣ್ಣುಮಕ್ಕಳಿಗೆ ಇದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ಸುಮ್ನೆ ‘ಒಂದು ಫೋಟೊ ಕಳಿಸಿ’ ಅನ್ನುವುದನ್ನು ಬಿಟ್ಟಿದ್ದೇನೆ. ತೀರಾ ಬೇಕಿದ್ದರೆ ಆರೋಗ್ಯ ಕೇಂದ್ರದಲ್ಲಿ, ಪರದೆಯ ಹಿಂದೆ, ಒಪ್ಪಿಗೆ ತಗೊಂಡು ನೋಡುತ್ತೇವೆ.

ಮುಂದಿನದು ಬೇಗ ಬೇಗ ಆಯಿತು. ಬಳ್ಳಾರಿಯಲ್ಲಿ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ದೊಡ್ಡಕರುಳು ನೋಡುವುದು. ಗಡ್ಡೆಯ ಚೂರು ತೆಗೆದು ಬಯಾಪ್ಸಿ. ಅಡಿನೋಕಾರ್ಸಿನೋಮಾ, ಅಂದರೆ ಕ್ಯಾನ್ಸರ್. ಎಂಆರ್‌ಐ ಪ್ರಕಾರ ಗಡ್ಡೆ ಕರುಳಿನ ಗೋಡೆ ದಾಟಿ ಸುತ್ತಲಿನ ಕೊಬ್ಬಿಗೆ ಹೋಗಿತ್ತು, ಹತ್ತಿರದ ಒಂದೆರಡು ದುಗ್ಧಗ್ರಂಥಿಗಳಲ್ಲೂ ಇತ್ತು. ಲಿವರ್, ಶ್ವಾಸಕೋಶಕ್ಕೆ ಹರಡಿರಲಿಲ್ಲ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಸಿಕ್ಕಿತು. 28 ದಿನದ ರೇಡಿಯೇಷನ್, ಜೊತೆಗೆ ಕ್ಯಾಪೆಸಿಟಾಬಿನ್ ಅನ್ನುವ ಕೀಮೊ ಮಾತ್ರೆ. ಹತ್ತು ವಾರ ಬಿಟ್ಟು, ಫೆಬ್ರವರಿಯಲ್ಲಿ ಆಪರೇಷನ್. ಗಡ್ಡೆ ಇದ್ದ ಗುದನಾಳದ ಭಾಗ ತೆಗೆದು, ಕೆಳಗೆ ಕರುಳು ಜೋಡಿಸಿದರು. ಜೋಡಣೆ ಮಾಯುವ ತನಕ ಅಲ್ಲಿ ಮಲ ಹೋಗದಿರಲಿ ಅಂತ ಸಣ್ಣಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತಂದು ಚೀಲ ಹಾಕಿದರು. ಅದಕ್ಕೆ ಇಲಿಯೊಸ್ಟಮಿ ಅನ್ನುತ್ತಾರೆ, ಹೊರಗೆ ಬಂದ ಆ ಕರುಳಿನ ಬಾಯಿಗೆ ಸ್ಟೋಮಾ.

ಮಾರ್ಚ್ ಮೊದಲ ವಾರ ಊರಿಗೆ ಬಂದರು. ಫೋನ್ ಮೇಲೆ ಕೋಪ ಬಂದಿದ್ದ ನನಗೆ ಅದರ ಬೆಲೆ ಮತ್ತೆ ಗೊತ್ತಾದದ್ದು ಇಲ್ಲಿಂದ ಮುಂದೆ.

ಮೊದಲು ಚರ್ಮ. ಚೀಲದ ಸುತ್ತ ಉರಿ, ರಾತ್ರಿ ನಿದ್ದೆ ಇಲ್ಲ ಅಂತ ಹೆಂಡತಿ ಫೋನ್ ಮಾಡಿದರು. ಆರೋಗ್ಯ ಕೇಂದ್ರದಿಂದ ವಿಡಿಯೊ ಹಚ್ಚಿದೆವು. ಬೆಂಗಳೂರಿನ ಆಸ್ಪತ್ರೆಯ ಸ್ಟೋಮಾ ನರ್ಸ್ ಕೂಡ ಬಂದರು. ಚೀಲದ ಅಂಟುವ ತಟ್ಟೆಯಲ್ಲಿ ತೂತು ಕತ್ತರಿಸಿದ್ದು ಆಪರೇಷನ್ ಆದ ವಾರದ ಅಳತೆಗೆ. ಆಮೇಲೆ ಊತ ಇಳಿದು ಸ್ಟೋಮಾ ಚಿಕ್ಕದಾಗಿದೆ, ತೂತು ಮಾತ್ರ ಹಳೇ ಅಳತೆ. ನಡುವೆ ಬೆರಳಗಲ ಚರ್ಮ ಬಯಲಾಗಿತ್ತು. ಸಣ್ಣಕರುಳಿನಿಂದ ಬರುವುದು ನೀರಿನಂತಿರುತ್ತದೆ, ಅದರಲ್ಲಿ ಜೀರ್ಣರಸ ಇರುತ್ತದೆ, ಚರ್ಮವನ್ನೇ ಸುಡುತ್ತದೆ. ನರ್ಸ್ ಅಲ್ಲಿಂದ ಹೇಳಿದರು, ಆರೋಗ್ಯ ಅಧಿಕಾರಿ ಇಲ್ಲಿ ಕಾಗದದ ಮೇಲೆ ಅಳತೆ ತೆಗೆದಳು. ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದು. ಹೆಂಡತಿ ತಾನೇ ಕತ್ತರಿ ಹಿಡಿದು ಕತ್ತರಿಸಿದರು. ನಾಲ್ಕು ದಿನಕ್ಕೆ ಚರ್ಮ ಒಣಗಿತು. ಇದಕ್ಕಾಗಿ ಬೆಂಗಳೂರಿಗೆ ಹೋಗಿ ಬರಬೇಕಿದ್ದರೆ ರಾತ್ರಿಯಿಡೀ ಪ್ರಯಾಣ, ಸೋರುವ ಚೀಲ, ಪಕ್ಕದ ಸೀಟಿನವರ ಮುಖ. ಆ ಇಪ್ಪತ್ತೈದು ನಿಮಿಷದ ವಿಡಿಯೊದಲ್ಲಿ ಆದಷ್ಟು ಕೆಲಸ ನನ್ನ ಓಪಿಡಿಯಲ್ಲೂ ಆಗುತ್ತಿರಲಿಲ್ಲ. ಅವರ ಮನೆಯ ಕತ್ತರಿ, ಅವರ ಕೈ, ಅವರದೇ ಚೀಲ.

ಆಮೇಲೆ ಬಂದದ್ದು ಯುಗಾದಿಯ ಬಿಸಿಲು. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಗೊತ್ತಲ್ಲ, 40 ಡಿಗ್ರಿ ದಾಟುವುದು ಮಾಮೂಲು. ಇಲಿಯೊಸ್ಟಮಿ ಇರುವವರಿಗೆ ದೊಡ್ಡಕರುಳಿನ ಕೆಲಸವೇ ಸಿಗುವುದಿಲ್ಲ. ಸಣ್ಣಕರುಳು ಬಿಟ್ಟ ನೀರು, ಉಪ್ಪು ಹೀರಿಕೊಳ್ಳುವುದು ಅದೇ. ಅದಕ್ಕೆ ವಾರಕ್ಕೆ ಎರಡು ಸಲ ಫೋನ್ ಮಾಡುವುದು ಅಂತ ನಿರ್ಧರಿಸಿದ್ದೆವು. ಕೇಳುವುದು ಮೂರೇ ಪ್ರಶ್ನೆ: ಚೀಲದಿಂದ ಎಷ್ಟು ಹೋಯಿತು, ಮೂತ್ರ ಎಷ್ಟು ಸಲ ಆಯಿತು, ಎದ್ದು ನಿಂತರೆ ತಲೆ ಸುತ್ತುತ್ತದಾ? ‘ಎಷ್ಟು’ ಅಂದರೆ ಅಂದಾಜು ಅಲ್ಲ. ಒಂದು ಲೀಟರಿನ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಪೆನ್ನಿನಿಂದ ಗೆರೆ ಎಳೆದು ಕೊಟ್ಟಿದ್ದೆವು. ಮಗಳು ಆರನೇ ಕ್ಲಾಸು, ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಅವಳದು.

ಒಂದು ಸೋಮವಾರ ಅವಳೇ ಫೋನಿನಲ್ಲಿ ಓದಿದಳು. ಶನಿವಾರ ಒಂದು ಲೀಟರ್. ಭಾನುವಾರ ಎರಡು ಲೀಟರ್ ನೂರು.

ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಅಪಾಯ. ವಿಡಿಯೊದಲ್ಲಿ ನಾಲಿಗೆ ನೋಡಿದೆ, ಒಣಗಿ ಬಿರುಕು ಬಿಟ್ಟಂತಿತ್ತು. ಆರೋಗ್ಯ ಅಧಿಕಾರಿ ಮನೆಗೇ ಹೋಗಿ ಬಿಪಿ ನೋಡಿದಳು, 90/60. ನಾಡಿ 118. ಬೆಳಿಗ್ಗೆಯಿಂದ ಒಂದೇ ಸಲ ಮೂತ್ರ. ಬಾಯಾರಿಕೆ ಅಂತ ಕೊಡಗಟ್ಟಲೆ ಮಡಕೆ ನೀರು ಕುಡಿದಿದ್ದರು, ನಾನೇ ಮೊದಲು ‘ನೀರು ಜಾಸ್ತಿ ಕುಡಿಯಿರಿ’ ಅಂದಿದ್ದೆನಲ್ಲ. ಆದರೆ ಈ ಸ್ಥಿತಿಯಲ್ಲಿ ಬರೀ ನೀರು ಕುಡಿದಷ್ಟೂ ಉಪ್ಪನ್ನು ಎಳೆದುಕೊಂಡು ಚೀಲಕ್ಕೇ ಹೋಗುತ್ತದೆ. ಬೇಕಿರುವುದು ಓಆರ್‌ಎಸ್. ಬರೀ ನೀರಿಗೆ ಮಿತಿ ಹಾಕಬೇಕು. ಬೆಂಗಳೂರಿನಲ್ಲಿ ಹೇಳಿಯೇ ಇದ್ದರಂತೆ. ಡಿಸ್ಚಾರ್ಜ್ ದಿನ ಹೇಳಿದ ನಲವತ್ತು ಮಾತಿನಲ್ಲಿ ಇದೂ ಒಂದು. ಬಿಸಿಲಿಗೆ ಮರೆತುಹೋಗಿತ್ತು.

ತಕ್ಷಣ ಗಂಗಾವತಿಗೆ ಕಳಿಸಿದೆವು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 2.4, ಇರಬೇಕಾದದ್ದಕ್ಕಿಂತ ಜಾಸ್ತಿ. ಎರಡು ದಿನ ಸಲೈನ್, ಆಮೇಲೆ ಕರುಳಿನ ಓಟ ನಿಧಾನ ಮಾಡುವ ಲೋಪರಮೈಡ್ ಮಾತ್ರೆ, ಓಆರ್‌ಎಸ್. ನಾಲ್ಕನೇ ದಿನ ಮನೆಗೆ. ಇನ್ನೆರಡು ದಿನ ತಡವಾಗಿದ್ದರೆ ಕಿಡ್ನಿ ಕೈಕೊಡುವ ಸಾಧ್ಯತೆ ಇತ್ತು. ಆ ದಿನ ಅವರನ್ನು ಉಳಿಸಿದ್ದು ಕತ್ತರಿಸಿದ ಬಾಟಲಿ, ಒಂದು ನೋಟ್‌ಬುಕ್ಕು, ಒಂದು ಫೋನ್.

ಒಂದೇ ರೋಗಿ, ಒಂದೇ ಡಾಕ್ಟರು, ಅದೇ ಫೋನು. ಮೇ ತಿಂಗಳಲ್ಲಿ ಸೋತದ್ದು ಏಪ್ರಿಲ್‌ನಲ್ಲಿ ಹೇಗೆ ಗೆದ್ದಿತು? ನನಗೆ ಅನಿಸುವುದು ಇಷ್ಟು. ಏಪ್ರಿಲ್‌ನಲ್ಲಿ ಕಾಯಿಲೆ ಏನು ಅಂತ ಗೊತ್ತಿತ್ತು. ಏನನ್ನು ಹುಡುಕಬೇಕು ಅಂತ ಗೊತ್ತಿತ್ತು. ಅಳೆಯಬಹುದಾದ್ದನ್ನೇ ಕೇಳಿದೆವು, ಅಳೆಯಲು ಪಕ್ಕದಲ್ಲಿ ಒಬ್ಬರಿದ್ದರು. ಮೇ ತಿಂಗಳಲ್ಲಿ ಕಾಯಿಲೆಗೆ ಹೆಸರಿಡುವ ಕೆಲಸವನ್ನೇ ಫೋನಿಗೆ ಕೊಟ್ಟೆ. ಬೆರಳು ಮಾಡಬೇಕಾದ ಕೆಲಸ ಅದು.

ನಿಯಮವೂ ಇದನ್ನೇ ಹೇಳುತ್ತದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ: ರೋಗಿಯನ್ನು ಮುಟ್ಟಿ ನೋಡಲೇಬೇಕಾದ ಸಂದರ್ಭದಲ್ಲಿ, ನೋಡುವ ತನಕ ಫೋನಿನಲ್ಲಿ ಮುಂದುವರಿಯಬಾರದು. ಯಾವಾಗ ನೋಡಬೇಕು ಅನ್ನುವ ತೀರ್ಮಾನ ವೈದ್ಯರದು. ನಾನು ಅದನ್ನು ಓದಿದ್ದೆ. ಮಾದಕದ್ರವ್ಯ ಕಾಯ್ದೆಗೆ ಬರುವ ಟ್ರಮಡಾಲ್‌ನಂಥ ನೋವಿನ ಮಾತ್ರೆ ಫೋನಿನಲ್ಲಿ ಬರೆಯಬಾರದು ಅನ್ನುವುದನ್ನು ನೆನಪಿಟ್ಟುಕೊಂಡಿದ್ದೆ, ಪಾಲಿಸುತ್ತಲೂ ಇದ್ದೆ. ಇದನ್ನು ಮಾತ್ರ ಪೈಲ್ಸ್ ಅಲ್ವಾ ಅಂತ ಸಡಿಲ ಬಿಟ್ಟಿದ್ದೆ.

ಈಗ ನಮ್ಮಲ್ಲಿ ಕ್ರಮ ಬದಲಾಗಿದೆ. ಕೆಳಗೆ ರಕ್ತ ಅಂತ ಯಾರೇ ಫೋನ್ ಮಾಡಲಿ, ಮಾತಾಡುತ್ತೇವೆ. ಆದರೆ ಆ ಮಾತು ಯಾರು ಇವತ್ತೇ ಬರಬೇಕು, ಯಾರು ಈ ವಾರ ಬರಬಹುದು ಅಂತ ವಿಂಗಡಿಸಲು ಮಾತ್ರ. ಕೂರಲಾಗದಷ್ಟು ನೋವು, ಜ್ವರ, ಊತ ಇದ್ದರೆ ಇವತ್ತೇ. ಸಕ್ಕರೆ ಕಾಯಿಲೆ ಇದ್ದರಂತೂ ಒಂದು ಗಂಟೆಯೂ ಕಾಯಿಸುವುದಿಲ್ಲ. ಅದು ಕೀವಿನ ಬಾವು. ಕೊಯ್ದು ಕೀವು ತೆಗೆಯಬೇಕು, ಫೋನಿನಲ್ಲಿ ಆಂಟಿಬಯೋಟಿಕ್ ಬರೆದು ಕೂತರೆ ಕೀವು ಒಳಗೊಳಗೇ ಹಬ್ಬುತ್ತದೆ. ಮಲ ಹೋಗುವಾಗ ಚಾಕುವಿನಿಂದ ಕೊಯ್ದಂತೆ ನೋವು, ಆಮೇಲೆ ಗಂಟೆಗಟ್ಟಲೆ ಉರಿ, ವಯಸ್ಸು ಚಿಕ್ಕದು ಅಂದರೆ ಬಹುಶಃ ಫಿಶರ್, ಗುದದ್ವಾರದ ಸೀಳು. ಅದಕ್ಕೆ ಇಸಬ್ಗೋಲ್, ಬಿಸಿನೀರು ಹೇಳಿ ಒಂದು ವಾರದೊಳಗೆ ಬರಲು ದಿನ ಕೊಡುತ್ತೇವೆ. ದಿನ ಕೊಡದೆ ಫೋನ್ ಇಡುವುದಿಲ್ಲ.

ಎಲ್ಲರೂ ನನ್ನ ಹತ್ತಿರವೇ ಬರಬೇಕು ಅಂತಲೂ ಇಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಂಬಿಬಿಎಸ್ ಡಾಕ್ಟರ್ ಇದ್ದಾರೆ. ಬೆರಳಿನ ಪರೀಕ್ಷೆ ಅವರಿಗೂ ಗೊತ್ತು. ಬೇಕಿರುವುದು ಒಂದು ಗ್ಲೌಸ್, ಸ್ವಲ್ಪ ಜೆಲ್ಲಿ, ಒಂದು ಪರದೆ. ಅವರು ನೋಡಿ ನನಗೆ ವಿಡಿಯೊದಲ್ಲಿ ಹೇಳಿದರೆ ಸಾಕು. ಒಬ್ಬರ ಬೆರಳು, ಇನ್ನೊಬ್ಬರ ಅನುಭವ: ಟೆಲಿಮೆಡಿಸಿನ್ನಿನಿಂದ ನಾನು ಕೇಳುವುದು ಇದನ್ನೇ.

ಆಪರೇಷನ್ ಆದವರನ್ನು ಮಾತ್ರ ಫೋನಿನಲ್ಲಿ ಧೈರ್ಯವಾಗಿ ನೋಡುತ್ತೇನೆ. ಪೈಲ್ಸ್ ಆಪರೇಷನ್ ಆದವರಿಗೆ ಮೊದಲ ಸಲ ಮಲ ಹೋಗುವ ಭಯ ಎಷ್ಟಿರುತ್ತದೆ ಅಂದರೆ, ಕೆಲವರು ಊಟವನ್ನೇ ಬಿಡುತ್ತಾರೆ. ಅವರಿಗೆ ಬೇಕಿರುವುದು ಧ್ವನಿ. ಮೂತ್ರ ಕಟ್ಟಿದರೆ, ನೋವಿನ ಜೊತೆ ಜ್ವರ ಬಂದರೆ, ವಾರ ಹತ್ತು ದಿನದ ಮೇಲೆ ಒಮ್ಮೆಲೇ ರಕ್ತ ಸುರಿದರೆ ಫೋನ್ ಮಾಡುತ್ತಾ ಕೂರಬೇಡಿ, ಹೊರಡಿ ಅಂತ ಮೊದಲೇ ಹೇಳಿರುತ್ತೇವೆ.

ಆತನ ಚೀಲವನ್ನು ಜುಲೈನಲ್ಲಿ ತೆಗೆದು ಕರುಳು ಒಳಗೆ ಸೇರಿಸಿದರು. ಮೊದಲ ಎರಡು ತಿಂಗಳು ದಿನಕ್ಕೆ ಎಂಟು ಹತ್ತು ಸಲ ಓಡಬೇಕಿತ್ತು. ಗುದನಾಳ ತೆಗೆದವರಲ್ಲಿ ಇದು ಸಾಮಾನ್ಯ, ನಿಧಾನವಾಗಿ ಕಡಿಮೆ ಆಗುತ್ತದೆ. ಈಗ ನಾಲ್ಕು ಸಲ. ಮಿಲ್ಲಿನಲ್ಲೇ ಇದ್ದಾರೆ, ಚೀಲ ಹೊರುವುದಿಲ್ಲ, ತೂಕ ಬರೆಯುವ ಕೆಲಸ.

ಮೇ ತಿಂಗಳ ವಿಷಯ ಅವರಿಗೆ ನಾನೇ ಹೇಳಿದೆ. ಅವತ್ತೇ ಬರಲು ಹೇಳಿದ್ದರೆ ನಾಲ್ಕು ತಿಂಗಳ ಮೊದಲೇ ಗೊತ್ತಾಗುತ್ತಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತ ನೀವ್ ಬಾ ಅಂದಿದ್ರ ನಾ ಬರ್ತಿದ್ನೋ ಇಲ್ಲೋ ಸರ” ಅಂದರು. ಅದು ಅವರ ದೊಡ್ಡಗುಣ. ‘ಬಾ’ ಅನ್ನುವುದು ನನ್ನ ಕೆಲಸವಾಗಿತ್ತು.

ಅವರಿಗೆ ಒಬ್ಬ ತಮ್ಮ, 36 ವರ್ಷ. ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕು. ಅಂದರೆ ಇವನದು ಆಗಲೇ ಮೂರು ವರ್ಷ ತಡವಾಗಿತ್ತು. ಫೋನ್ ಮಾಡಿದರೆ, “ನನಗೇನೂ ಇಲ್ರಿ ಸರ, ಇದ್ರ ಫೋನ್ನಾಗ ಹೇಳ್ತೀನಿ” ಅಂದ. ಗುರುವಾರ ಬೆಳಿಗ್ಗೆ ಅಣ್ಣನೇ ಕರಕೊಂಡು ಬಂದರು. ಬೆರಳಿಗೆ ಏನೂ ಸಿಗಲಿಲ್ಲ. ಬಳ್ಳಾರಿಗೆ ಕಳಿಸಿದೆ. ಬೆರಳು ಮುಟ್ಟದಷ್ಟು ಮೇಲೆ ಒಂದು ಸಣ್ಣ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ಇತ್ತು, ಅಲ್ಲೇ ತೆಗೆದರು. ಹತ್ತು ದಿನದ ಮೇಲೆ ರಿಪೋರ್ಟಿನ ಫೋಟೊ ಕಳಿಸಿದ. ಅಡಿನೋಮಾ, ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು. ಈಗ ಕ್ಯಾನ್ಸರ್ ಇಲ್ಲ. ಮುಂದಿನ ಪರೀಕ್ಷೆ ಯಾವಾಗ ಅಂತ ಫೋನಿನಲ್ಲೇ ಮಾತಾಡಿಕೊಂಡೆವು.